ಪಾಡ್‌ಕಾಸ್ಟ್ | ಫ್ಲೈಓವರ್ ಚೆನ್ನಾಗಿ ಬಂದಿದೆ, ಆದ್ರೆ ಜನ ಎಲ್ಲಿ?

(ಫೋನ್ ಮತ್ತು ಟ್ಯಾಬ್‌ಗಳಲ್ಲಿ ಚಿತ್ರ ಬರೆಯುವವರಿಗಾಗಿ ಆಡಿದ ಮಾತುಗಳ ಬರಹ ರೂಪ)

ಇವತ್ತಿನ ವಿಷಯ ಚಿತ್ರ. ಅದರಲ್ಲೂ ಫೋನು, ಟ್ಯಾಬು, ಕಂಪ್ಯೂಟರಿನಲ್ಲಿ ಬರೆಯೋ ಚಿತ್ರ. ಕಿವಿಯಲ್ಲಿ ಕೇಳಿ ಚಿತ್ರದ ಬಗ್ಗೆ ಏನು ಕಲಿಯೋದು ಅಂತೀರಾ? ಒಂದು ಕೆಲಸ ಮಾಡಿ. ನೀವು ಪಾಡ್‌ಕಾಸ್ಟ್ ಕೇಳೋ ಆ್ಯಪ್ ತೆಗೆದು, ಅಲ್ಲಿರೋ ಪಟ್ಟಿಯನ್ನ ಒಂದ್ಸಲ ಮೇಲಿಂದ ಕೆಳಗೆ ಸರಿಸಿ. ಪ್ರತಿ ಕಾರ್ಯಕ್ರಮದ ಪಕ್ಕ ಒಂದು ಪುಟ್ಟ ಚೌಕದ ಚಿತ್ರ ಕಾಣ್ತಿದೆಯಲ್ಲ? ಆ್ಯಪಲ್ ಪಾಡ್‌ಕಾಸ್ಟ್‌ಗೆ ಅಂಥ ಒಂದು ಕವರ್ ಕಳಿಸಬೇಕಾದ್ರೆ ಉದ್ದಗಲ ಕನಿಷ್ಠ 1400 ಪಿಕ್ಸೆಲ್, ಗರಿಷ್ಠ 3000 ಪಿಕ್ಸೆಲ್ ಇರಬೇಕು ಅಂತ ನಿಯಮ ಇದೆ. 3000 ಪಿಕ್ಸೆಲ್ ಅಂದ್ರೆ ಕಣ್ಣಿನ ರೆಪ್ಪೆ ಕೂದಲು ಎಣಿಸೋ ಹಾಗೆ ಬರೀಬಹುದು. ಆದ್ರೆ ನಿಮ್ಮ ಕೈಯಲ್ಲಿ ಅದು ಕಾಣಿಸೋದು ಎಷ್ಟು ದೊಡ್ಡದಾಗಿ? ಹೆಬ್ಬೆರಳಿನ ಉಗುರಿನಷ್ಟು.

ಚಿತ್ರ ಬರೆಯೋರ ಭಾಷೆಯಲ್ಲಿ ‘ಥಂಬ್‌ನೇಲ್’ ಅಂತ ಒಂದು ಪದ ಇದೆ. ಅದರ ಅರ್ಥವೇ ಹೆಬ್ಬೆರಳಿನ ಉಗುರು. ದೊಡ್ಡ ಚಿತ್ರಕ್ಕೆ ಕೈ ಹಾಕೋ ಮುಂಚೆ, ಯಾವುದು ಎಲ್ಲಿ ಬರಬೇಕು ಅಂತ ನೋಡ್ಕೊಳ್ಳೋಕೆ ಗೀಚೋ ಪುಟ್ಟ ಪುಟ್ಟ ಚೌಕಗಳವು. ಪೇಪರಿನ ಕಾಲದಲ್ಲಿ ಅದು ಬರೀ ತಯಾರಿ. ಪೂರ್ತಿಯಾದ ಚಿತ್ರ ಗೋಡೆ ಮೇಲೋ ಪತ್ರಿಕೆಯ ಪುಟದಲ್ಲೋ ದೊಡ್ಡದಾಗಿ ಬರ್ತಿತ್ತು. ಈಗ ನಮ್ಮ ಚಿತ್ರವನ್ನ ಹೆಚ್ಚಿನ ಜನ ನೋಡೋದೇ ಆ ಉಗುರಿನ ಅಳತೆಯಲ್ಲಿ, ಬೆರಳಲ್ಲಿ ಸರಿಸ್ತಾ ಇರೋವಾಗ, ಒಂದೆರಡು ಸೆಕೆಂಡು. ಹಾಗಾಗಿ ಥಂಬ್‌ನೇಲ್‌ನಲ್ಲಿ ನಿಲ್ಲದ ಚಿತ್ರ ಫೋನಿನಲ್ಲೂ ನಿಲ್ಲೋದಿಲ್ಲ.

ಇದನ್ನ ಒಂದು ನಿಜವಾದ ಜಾಗ, ಒಂದು ನಿಜವಾದ ಘಟನೆ ಇಟ್ಕೊಂಡೇ ಹೇಳ್ತೀನಿ. ಜಾಗ ಬೊಮ್ಮನಹಳ್ಳಿ.

ಎರಡು ಮಹಡಿಯ ರಸ್ತೆ

ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋರಿಗೆ ಬೊಮ್ಮನಹಳ್ಳಿ ಅಂದ್ರೆ ಒಂದು ಸಿಗ್ನಲ್ಲು. ಅಲ್ಲಿ ಬಾಡಿಗೆಗಿರೋ ನಮಗೆ ಅದು ಎರಡು ಮಹಡಿಯ ಊರು. 2010ರ ಜನವರಿಯಲ್ಲಿ ಹೊಸೂರು ರಸ್ತೆ ಮೇಲೆ ಸುಮಾರು 10 ಕಿಲೋಮೀಟರ್ ಉದ್ದದ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಶುರುವಾಯ್ತು. ಟೋಲ್ ಕಟ್ಟೋ ಕಾರುಗಳು ಮೇಲೆ. ಬಿಎಂಟಿಸಿ ಬಸ್ಸು, ಟೆಂಪೋ, ಆಟೋ, ನಡ್ಕೊಂಡು ಹೋಗೋರು ಕೆಳಗೆ. 2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗದ ಮೆಟ್ರೋನೂ ಬಂತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಬೊಮ್ಮನಹಳ್ಳಿಯಲ್ಲೂ ಒಂದು.

ಇಂಥ ಜಾಗ ಚಿತ್ರ ಬರೆಯೋರಿಗೆ ಹಬ್ಬ, ಜೊತೆಗೆ ಒಂದು ಬಲೆ. ಕಾಂಕ್ರೀಟಿನ ಉದ್ದ ಗೆರೆ, ಸಾಲುಸಾಲು ಕಂಬ, ದೂರಕ್ಕೆ ಹೋಗ್ತಾ ಚಿಕ್ಕದಾಗೋ ರಸ್ತೆ. ಪರ್ಸ್‌ಪೆಕ್ಟಿವ್ ಗ್ರಿಡ್ ಹಾಕ್ಕೊಂಡ್ರೆ ಆ್ಯಪ್ ತಾನೇ ಅರ್ಧ ಕೆಲಸ ಮಾಡಿಕೊಡುತ್ತೆ. ಬೇಗ ಬರುತ್ತೆ, ನೋಡೋಕೂ ಭರ್ಜರಿಯಾಗಿ ಕಾಣುತ್ತೆ. ಆದ್ರೆ ಆ ಗೆರೆಗಳೆಲ್ಲ ಕಣ್ಣನ್ನ ಎಳ್ಕೊಂಡು ಓಡೋದು ದೂರದ ಒಂದು ಬಿಂದುವಿಗೆ. ಆ ಬಿಂದುವಿನಲ್ಲಿ ಏನಿರುತ್ತೆ? ಸಾಮಾನ್ಯವಾಗಿ ಏನೂ ಇರಲ್ಲ.

ಭಾನುವಾರ ಮಧ್ಯಾಹ್ನ ನಾವು ಆರೇಳು ಜನ ಇಲ್ಲೇ ಒಬ್ಬರ ಮನೆ ಟೆರೇಸಿನಲ್ಲಿ ಸೇರ್ತೀವಿ. ಒಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆ್ಯಪ್ ಡಿಸೈನ್ ಮಾಡ್ತಾನೆ. ಒಬ್ಬ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಇಬ್ಬರು ಕಾಲೇಜು ಹುಡುಗರು. ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸದಲ್ಲಿದ್ದಾಳೆ. ಅವಳ ಹತ್ರ ಟ್ಯಾಬ್ ಇಲ್ಲ, ಪೆನ್ ಇಲ್ಲ. ಫೋನಿನಲ್ಲಿ ಐಬಿಸ್ ಪೇಂಟ್ ಹಾಕ್ಕೊಂಡು ಬೆರಳಲ್ಲೇ ಬರೀತಾಳೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯೋಳೂ ಅವಳೇ. ಅವಳ ಹೆಸರು ಇಲ್ಲಿ ಬೇಡ ಅಂದಿದ್ದಾಳೆ. ಕತೆ ಹೇಳೋಕೆ ಒಪ್ಪಿದ್ದಾಳೆ.

ಆ ಏಪ್ರಿಲ್ ತಿಂಗಳು

ಅವಳು ಬರೆಯೋಕೆ ಹೊರಟಿದ್ದು 2016ರ ಏಪ್ರಿಲ್‌ನ ಒಂದು ದಿನವನ್ನ. ನಿಮ್ಮಲ್ಲಿ ಕೆಲವರು ಆಗ ಸ್ಕೂಲಿನಲ್ಲಿದ್ದಿರಬಹುದು, ಅದಕ್ಕೆ ನೆನಪು ಮಾಡ್ತೀನಿ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸ್ತು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ತುಂಬೋವರೆಗೆ ತೆಗೆಯೋ ಹಾಗಿಲ್ಲ ಅಂತ. ಗಾರ್ಮೆಂಟ್ಸ್‌ನಲ್ಲಿ ಹೊಲಿಯೋ ಹೆಣ್ಣುಮಕ್ಕಳಿಗೆ ಪಿಎಫ್ ಅಂದ್ರೆ ಮುದುಕರಾದ ಮೇಲಿನ ದುಡ್ಡಲ್ಲ. ಮಗಳ ಮದುವೆ, ಮಗನ ಫೀಸು, ಊರಲ್ಲಿರೋ ಸಾಲ, ಎಲ್ಲದಕ್ಕೂ ಅದೇ.

ಏಪ್ರಿಲ್ 18ಕ್ಕೆ ಬೊಮ್ಮನಹಳ್ಳಿ ಕಡೆಯ ಸಾವಿರಾರು ಕಾರ್ಮಿಕರು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಗಿಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ರಸ್ತೆ ಪೂರ್ತಿ ನಿಂತುಹೋಯ್ತು. ಮಾರನೇ ದಿನ ನಗರದ ಬೇರೆ ಕಡೆಗೂ ಹಬ್ಬಿತು. ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆಯ್ತು. 19ನೇ ತಾರೀಕೇ ಕೇಂದ್ರ ಆ ಹೊಸ ನಿಯಮವನ್ನ ವಾಪಸ್ ತಗೊಳ್ತು.

ಮೊದಲ ದಿನ ಬೊಮ್ಮನಹಳ್ಳಿಯಲ್ಲಿ ರಸ್ತೆಗಿಳಿದವರಲ್ಲಿ ನಮ್ಮ ಈ ಹುಡುಗಿಯ ಅಮ್ಮನೂ ಒಬ್ಬರು. ಅಮ್ಮ ಕಂಡಿದ್ದನ್ನ ಬರೀಬೇಕು ಅನ್ನೋದು ಅವಳ ಆಸೆ. ಮೂರು ವಾರ, ರಾತ್ರಿ ಊಟ ಆದ್ಮೇಲೆ ಕೂತು ಬರೆದಳು. ಭಾನುವಾರ ತಂದು ತೋರಿಸಿದಾಗ ನಾವೆಲ್ಲ ಬಾಯಿ ಬಿಟ್ಕೊಂಡು ನೋಡಿದ್ವಿ. ಮೇಲೆ ಅಡ್ಡಕ್ಕೆ ಫ್ಲೈಓವರ್, ಕಂಬಗಳ ಮೇಲಿನ ಕೊಳೆ, ಪೋಸ್ಟರ್ ಹರಿದ ಗುರುತು ಸಮೇತ. ಬಲಗಡೆ ಹೊತ್ತಿ ಉರೀತಿರೋ ಒಂದು ಬಸ್ಸು. ಮಧ್ಯದಲ್ಲಿ ಜನ, ಇನ್ನೂರು ಮುನ್ನೂರು ಮುಖ. ಎಡಗಡೆ ಪೊಲೀಸರು. ಹಿಂದೆ ಎತ್ತರದಲ್ಲಿ ಮೆಟ್ರೋ.

‘ಸಕ್ಕತ್ತಾಗಿದೆ’ ಅಂದ ಒಬ್ಬ. ‘ಫೈರ್ ಗುರು’ ಅಂದ ಇನ್ನೊಬ್ಬ. ಡಿಸೈನರ್ ಹುಡುಗ ಮಾತ್ರ ‘ಮೆಟ್ರೋ ತೆಗಿ, 2016ರಲ್ಲಿ ಇಲ್ಲಿ ಇರ್ಲಿಲ್ಲ’ ಅಂದ. ಅದು ಸರಿಯಾದ ಮಾತೇ. ಅಷ್ಟಕ್ಕೆ ಮುಗೀತು ಅಂದ್ಕೊಂಡ್ವಿ.

ಆಮೇಲೆ ಅವಳು ಮನೆಗೆ ಹೋಗಿ ಅಮ್ಮನಿಗೆ ತೋರಿಸಿದಳು. ಅಮ್ಮ ಫೋನನ್ನ ಕೈಯಳತೆ ದೂರ ಹಿಡಿದು ನೋಡಿ ಹೇಳಿದರಂತೆ: ‘ಫ್ಲೈಓವರ್ ಚೆನ್ನಾಗಿ ಬಂದಿದೆ ಕಣೇ.’

ಆ ತಾಯಿ ಟೀಕೆ ಮಾಡಬೇಕು ಅಂತ ಹೇಳಿದ್ದಲ್ಲ, ಹೊಗಳಿದ್ದೇ. ಆದ್ರೆ ಆ ಚಿತ್ರದ ಬಗ್ಗೆ ಬಂದ ಅತ್ಯಂತ ಉಪಯೋಗದ ಮಾತು ಅದೇ. ಯಾಕೆ ಅಂದ್ರೆ ಅವರು ತಮಗೆ ಮೊದಲು ಕಂಡಿದ್ದನ್ನ ಹೇಳಿದರು.

ಕಣ್ಣು ಮೊದಲು ಹೋಗೋದು ಎಲ್ಲಿಗೆ?

ಕಂಪೋಸಿಷನ್ ಅಂದ್ರೆ ಚಿತ್ರದಲ್ಲಿ ಯಾವುದನ್ನ ಎಲ್ಲಿ ಇಡ್ತೀವಿ ಅನ್ನೋದು. ಪುಸ್ತಕದಲ್ಲಿ ಹೀಗೇ ಬರೆದಿರ್ತಾರೆ. ನಾನು ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀನಿ. ನೋಡೋರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ, ಆಮೇಲೆ ಎಲ್ಲಿಗೆ, ನೋಡೋರು ಎಲ್ಲಿ ನಿಂತಿದ್ದಾರೆ, ಈ ಮೂರು ತೀರ್ಮಾನ ಸೇರಿದ್ರೆ ಕಂಪೋಸಿಷನ್.

ಕಣ್ಣು ಬಹಳ ಸೋಮಾರಿ. ಕಪ್ಪು ಬಿಳುಪು ಜೋರಾಗಿ ಎದುರಾಗೋ ಕಡೆ ಮೊದಲು ಹೋಗುತ್ತೆ. ಗಾಢವಾದ ಬಣ್ಣ ಇರೋ ಕಡೆ ಹೋಗುತ್ತೆ. ದೊಡ್ಡ ಆಕಾರದ ಕಡೆ ಹೋಗುತ್ತೆ. ಗುಂಪಿನಿಂದ ಬೇರೆಯಾಗಿ ಒಂಟಿಯಾಗಿ ನಿಂತಿರೋದರ ಕಡೆ ಹೋಗುತ್ತೆ. ಮುಖಗಳ ಕಡೆನೂ ಹೋಗುತ್ತೆ, ಆದ್ರೆ ಮುನ್ನೂರು ಮುಖ ಒಟ್ಟಿಗಿದ್ರೆ ಅವು ಮುಖಗಳಾಗಿ ಉಳಿಯಲ್ಲ, ಜಲ್ಲಿಕಲ್ಲಿನ ರಾಶಿ ಥರ ಆಗ್ತವೆ.

ಈಗ ಅವಳ ಚಿತ್ರಕ್ಕೆ ಬನ್ನಿ. ಬೆಳ್ಳಗಿರೋ ಆಕಾಶದ ಎದುರು ಕಪ್ಪಗಿನ ಫ್ಲೈಓವರ್: ಜೋರಾದ ಕಾಂಟ್ರಾಸ್ಟ್, ದೊಡ್ಡ ಆಕಾರ. ಬೂದಿ ಬಣ್ಣದ ರಸ್ತೆಯಲ್ಲಿ ಕಿತ್ತಳೆ ಬೆಂಕಿ: ಗಾಢವಾದ ಬಣ್ಣ. ಕಣ್ಣು ಒಂದಕ್ಕೆ ಹೋಯ್ತು, ಎರಡಕ್ಕೆ ಹೋಯ್ತು, ಅಷ್ಟರಲ್ಲಿ ಬೆರಳು ಮುಂದಿನ ಪೋಸ್ಟಿಗೆ ಸರಿಸಿಬಿಡ್ತು. ಜನರ ತನಕ ಬರಲೇ ಇಲ್ಲ. ಅಮ್ಮ ಕಂಡ ಹೋರಾಟವನ್ನ ಬರೆಯೋಕೆ ಹೋದ ಚಿತ್ರ, ನೋಡೋರ ಪಾಲಿಗೆ ‘ಒಂದು ಫ್ಲೈಓವರ್, ಒಂದು ಉರಿಯೋ ಬಸ್ಸು’ ಆಯ್ತು.

ಇದು ಅಂದಚಂದದ ಪ್ರಶ್ನೆ ಮಾತ್ರ ಅಂತ ನನಗನ್ನಿಸಲ್ಲ. ಅಲ್ಲಿ ಕೂತಿದ್ದವರು ದುಡಿದ ದುಡ್ಡು ಕೇಳ್ತಿದ್ದರು. ಚಿತ್ರ ನೋಡಿದವರಿಗೆ ನೆನಪಾಗಿ ಉಳಿಯೋದು ಬೆಂಕಿ ಅಂದ್ರೆ ಕತೆಯೇ ಬದಲಾಯ್ತಲ್ಲ. ಬ್ರಷ್ ಸರಿಯಿತ್ತು, ಬಣ್ಣ ಸರಿಯಿತ್ತು, ಕೈಚಳಕಕ್ಕಂತೂ ನೂರಕ್ಕೆ ನೂರು. ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನೋ ತೀರ್ಮಾನವನ್ನ ಮಾತ್ರ ಜಾಗದ ಕಾಂಕ್ರೀಟು ತಾನೇ ತಗೊಂಡಿತ್ತು.

ಹನ್ನೆರಡು ಚೌಕ, ಇಪ್ಪತ್ತನಾಲ್ಕು ನಿಮಿಷ

ಮುಂದಿನ ಭಾನುವಾರ ಆ ಚಿತ್ರವನ್ನ ತಿದ್ದೋಕೆ ಹೋಗಲಿಲ್ಲ. ಮೂರು ವಾರದ ಕೆಲಸವನ್ನ ಅಲ್ಲಾಡಿಸೋಕೆ ಯಾರಿಗೂ ಮನಸ್ಸು ಬರಲ್ಲ. ಫ್ಲೈಓವರ್ ಸ್ವಲ್ಪ ಮಸುಕು ಮಾಡೋಣ, ಬೆಂಕಿ ಸ್ವಲ್ಪ ಕಮ್ಮಿ ಮಾಡೋಣ ಅಂತ ಲೇಯರ್ ಮೇಲೆ ಲೇಯರ್ ಹಾಕ್ತಾ ಕೂರ್ತೀವಿ. ಅದರ ಬದಲು ಹೊಸ ಕ್ಯಾನ್ವಾಸ್ ತೆಗೆದು, ಹನ್ನೆರಡು ಚೌಕ ಹಾಕ್ಕೊಂಡ್ವಿ. ಅದರ ನಿಯಮ ಹೇಳ್ತೀನಿ, ನೀವೂ ಬರ್ಕೊಳ್ಳಿ.

ಒಂದು, ಚೌಕಗಳ ಅಳತೆ ಕೊನೆಯ ಚಿತ್ರದ ಅಳತೆಯದೇ ಆಗಿರಬೇಕು. ವೆಬ್‌ಸೈಟಿಗೆ ಅಂದ್ರೆ 16ಕ್ಕೆ 9, ಪಾಡ್‌ಕಾಸ್ಟ್ ಕವರ್ ಅಂದ್ರೆ ಸಮಚೌಕ. ಆ ಗೆರೆಗಳನ್ನ ಬೇರೆ ಲೇಯರಿನಲ್ಲಿ ಹಾಕಿ ಲಾಕ್ ಮಾಡಿ.

ಎರಡು, ಒಂದೇ ದಪ್ಪ ಬ್ರಷ್. ಮೂಗು ಕಣ್ಣು ಬರೆಯೋಕೆ ಆಗದಷ್ಟು ದಪ್ಪ.

ಮೂರು, ಮೂರೇ ಛಾಯೆ: ಬಿಳಿ, ಬೂದು, ಕಪ್ಪು. ಬೆಳಕು ಕತ್ತಲೆಯ ಈ ಹಂಚಿಕೆಗೆ ಜಪಾನಿ ಭಾಷೆಯಲ್ಲಿ ‘ನೋಟಾನ್’ ಅಂತಾರೆ. ಅಮೆರಿಕದ ಕಲಾ ಶಿಕ್ಷಕ ಆರ್ಥರ್ ವೆಸ್ಲಿ ಡೋ 1899ರಲ್ಲಿ ‘ಕಂಪೋಸಿಷನ್’ ಅನ್ನೋ ಪುಸ್ತಕ ಬರೆದು ಇದನ್ನ ಅಲ್ಲಿನವರಿಗೆ ಹೇಳಿಕೊಟ್ಟರು. ಬಣ್ಣ ಇಲ್ಲದೆ ನಿಲ್ಲೋ ಚಿತ್ರಕ್ಕೆ ಬಣ್ಣ ಹಾಕಿದ್ರೆ ಇನ್ನೂ ಚೆನ್ನಾಗಿ ನಿಲ್ಲುತ್ತೆ. ಬಣ್ಣದ ಮೇಲೇ ನಿಂತಿರೋದು ಫೋನಿನ ಬ್ರೈಟ್‌ನೆಸ್ ಕಮ್ಮಿಯಾದ್ರೆ ಬಿದ್ದುಹೋಗುತ್ತೆ.

ನಾಲ್ಕು, ಝೂಮ್ ಮಾಡಬಾರದು. ಡಿಜಿಟಲ್‌ನಲ್ಲಿ ಬರೆಯೋರಿಗೆ ಇದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ. ಎರಡು ಬೆರಳಲ್ಲಿ ಎಳೆದು ಹಿಗ್ಗಿಸಿದ ತಕ್ಷಣ ನೀವು ಚಿತ್ರ ಬರೆಯೋದು ಬಿಟ್ಟು ಚಿತ್ರದ ಒಂದು ಮೂಲೆ ಬರೆಯೋಕೆ ಶುರು ಮಾಡ್ತೀರಿ. ಆ ಮೂಲೆಯನ್ನ ಆ ಅಳತೆಯಲ್ಲಿ ನೋಡೋರು ನೀವೊಬ್ಬರೇ.

ಐದು, ಒಂದು ಚೌಕಕ್ಕೆ ಎರಡೇ ನಿಮಿಷ. ಫೋನಿನಲ್ಲಿ ಟೈಮರ್ ಇಡಿ. ಹನ್ನೆರಡಕ್ಕೆ ಇಪ್ಪತ್ತನಾಲ್ಕು ನಿಮಿಷ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಎಷ್ಟೋ ಸಲ ಇದಕ್ಕಿಂತ ಜಾಸ್ತಿ ಹೊತ್ತು ನಿಂತಿರ್ತೀವಿ.

ಹನ್ನೆರಡು ಯಾಕೆ, ಮೂರು ಸಾಲದಾ ಅಂತ ಕೇಳ್ತಾರೆ. ಮೊದಲ ಮೂರು ನಾಲ್ಕು ಚೌಕದಲ್ಲಿ ಬರೋದು ನಾವು ಈಗಾಗಲೇ ಎಲ್ಲೋ ನೋಡಿರೋ ಚಿತ್ರಗಳು: ಸಿನಿಮಾ ಪೋಸ್ಟರು, ಟಿವಿ ದೃಶ್ಯ, ಇನ್‌ಸ್ಟಾದಲ್ಲಿ ಲೈಕ್ ಮಾಡಿದ್ದು. ಅವು ಖಾಲಿಯಾದ ಮೇಲೆ ತಲೆ ಬೇರೆ ಕಡೆ ಹುಡುಕೋಕೆ ಶುರು ಮಾಡುತ್ತೆ.

ಅವಳ ಹನ್ನೆರಡರಲ್ಲಿ ಕೆಲವು ಹೇಳ್ತೀನಿ, ಕಣ್ಣು ಮುಚ್ಚಿ ಊಹಿಸ್ಕೊಳ್ಳಿ. ಒಂದರಲ್ಲಿ ಫ್ಲೈಓವರ್ ಮೇಲಿಂದ ಕೆಳಗೆ ನೋಡ್ತಿದ್ದೀವಿ. ರಸ್ತೆ ತುಂಬ ಚುಕ್ಕಿ ಚುಕ್ಕಿ ತಲೆ. ಇನ್ನೊಂದರಲ್ಲಿ ನಿಂತುಹೋದ ಬಸ್ಸಿನೊಳಗಿಂದ, ಡ್ರೈವರ್ ಪಕ್ಕದಿಂದ, ಮುಂದಿನ ಗಾಜಿನಾಚೆಗೆ ನೋಡ್ತಿದ್ದೀವಿ. ಮತ್ತೊಂದರಲ್ಲಿ ಪೊಲೀಸರ ಸಾಲಿನ ಹಿಂದಿನಿಂದ, ಹೆಲ್ಮೆಟ್ ಮತ್ತು ಲಾಠಿಗಳ ಸಂದಿಯಿಂದ. ಒಂದರಲ್ಲಿ ಒಬ್ಬಳೇ ಹೆಂಗಸಿನ ಮುಖ, ಚೌಕದ ತುಂಬ. ಒಂದರಲ್ಲಿ ನಾವೂ ಗುಂಪಿನೊಳಗಿದ್ದೀವಿ, ಮುಂದೆ ಕಾಣೋದು ಜಡೆ, ದುಪಟ್ಟಾ, ಕತ್ತಿನ ಹಿಂಬದಿಯ ಐಡಿ ಕಾರ್ಡಿನ ಪಟ್ಟಿ.

ನೋಡಿ, ಘಟನೆ ಒಂದೇ. ಪ್ರತಿ ಚೌಕದಲ್ಲೂ ನೋಡೋರು ಬೇರೆ ಯಾರೋ ಆಗಿಬಿಡ್ತಾರೆ. ಮೇಲಿಂದ ನೋಡಿದ್ರೆ ಟೋಲ್ ಕಟ್ಟಿ ಹೋಗ್ತಿರೋ ಕಾರಿನವರು. ಬಸ್ಸಿನೊಳಗಿಂದ ನೋಡಿದ್ರೆ ಆಫೀಸಿಗೆ ಲೇಟಾಯ್ತು ಅಂತ ಗಡಿಯಾರ ನೋಡ್ತಿರೋ ಪ್ರಯಾಣಿಕರು. ಹೆಲ್ಮೆಟ್ ಹಿಂದಿನಿಂದ ನೋಡಿದ್ರೆ ಪೊಲೀಸರು. ಇದರಲ್ಲಿ ಯಾವುದೂ ತಪ್ಪಲ್ಲ, ಒಂದೊಂದೂ ಒಂದೊಂದು ಚಿತ್ರವೇ. ಆದ್ರೆ ನೋಡೋರನ್ನ ಎಲ್ಲಿ ನಿಲ್ಲಿಸಬೇಕು ಅಂತ ಆರಿಸಬೇಕಾದವರು ನಾವು. ನಾವು ಆರಿಸದಿದ್ರೆ ಪರ್ಸ್‌ಪೆಕ್ಟಿವ್ ಗ್ರಿಡ್ ಆರಿಸಿಬಿಡುತ್ತೆ.

‘ಹೆಂಗಿದೆ?’ ಅಂತ ಕೇಳಬೇಡಿ

ಈಗ ಫೀಡ್‌ಬ್ಯಾಕ್ ವಿಷಯ. ನಮ್ಮಲ್ಲಿ ‘ಹೆಂಗಿದೆ?’ ಅಂತ ಕೇಳಿದ್ರೆ ‘ಸೂಪರ್’ ಅಂತಾರೆ. ಬೇಜಾರು ಮಾಡಬಾರದು ಅನ್ನೋ ಒಳ್ಳೆ ಮನಸ್ಸು. ಇಲ್ಲ ಅಂದ್ರೆ ‘ಕೈ ಸ್ವಲ್ಪ ಉದ್ದ ಆಯ್ತು’ ಅಂತಾರೆ. ಎರಡರಿಂದಲೂ ಕಂಪೋಸಿಷನ್‌ಗೆ ಏನೂ ಸಿಗಲ್ಲ. ಅದಕ್ಕೆ ನಾವು ಪ್ರಶ್ನೆಯನ್ನೇ ಬದಲಾಯಿಸ್ಕೊಂಡಿದ್ದೀವಿ.

ಚೌಕವನ್ನ ಎರಡು ಸೆಕೆಂಡ್ ತೋರಿಸಿ ಫೋನ್ ತಿರುಗಿಸಿಬಿಡ್ತೀವಿ. ಆಮೇಲೆ ಕೇಳೋದು ಇಷ್ಟೇ: ಮೊದಲು ಏನು ಕಾಣಿಸ್ತು? ಆಮೇಲೆ ಏನು? ನೀವು ಎಲ್ಲಿ ನಿಂತಿದ್ರಿ? ಚಿತ್ರ ಬರೆದವರು ಆಗ ಬಾಯಿ ಬಿಡೋ ಹಾಗಿಲ್ಲ. ‘ಅಲ್ಲ, ಅದು ಏನು ಅಂದ್ರೆ’ ಅಂತ ವಿವರಿಸೋಕೆ ಶುರು ಮಾಡಿದ್ರೆ ಆಟ ಮುಗೀತು. ಮುಂದೆ ಇನ್‌ಸ್ಟಾದಲ್ಲಿ ನೋಡೋ ಸಾವಿರ ಜನರ ಪಕ್ಕ ನಿಂತು ನೀವು ವಿವರಿಸೋಕಾಗುತ್ತಾ?

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ದಶಕದ ಆರಂಭದಲ್ಲಿ ಇದಕ್ಕೊಂದು ಕ್ರಮ ಮಾಡಿಟ್ಟರು. ನಾಲ್ಕು ಹೆಜ್ಜೆ. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳ್ತಾರೆ. ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳ್ತಾರೆ. ಆಮೇಲೆ ನೋಡಿದವರು ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳ್ತಾರೆ. ಕೊನೆಗೆ, ಕಲಾವಿದರು ಒಪ್ಪಿದ್ರೆ ಮಾತ್ರ, ಅಭಿಪ್ರಾಯ ಹೇಳ್ತಾರೆ. ಡಾನ್ಸ್ ಲೋಕದಿಂದ ಬಂದ ಕ್ರಮ ಆದ್ರೂ ಚಿತ್ರಕ್ಕೂ ಚೆನ್ನಾಗಿ ಹೊಂದುತ್ತೆ. ‘ಬಸ್ಸು ಯಾಕಿಟ್ಟೆ, ಬೇಡವಾಗಿತ್ತು’ ಅನ್ನೋದು ಅಭಿಪ್ರಾಯ. ‘ಬಸ್ಸು ಬಲಗಡೆ ಇರೋದಕ್ಕೆ ಏನಾದ್ರೂ ಕಾರಣ ಇದೆಯಾ?’ ಅನ್ನೋದು ಪ್ರಶ್ನೆ. ಮೊದಲನೆಯದಕ್ಕೆ ನಾವು ಜಗಳಕ್ಕೆ ನಿಲ್ತೀವಿ. ಎರಡನೆಯದಕ್ಕೆ ಯೋಚನೆ ಮಾಡ್ತೀವಿ.

ಇನ್ನೊಂದು ಮಾತು. ಚಿತ್ರ ಬರೆಯೋರ ಹತ್ರ ಮಾತ್ರ ತೋರಿಸಬೇಡಿ. ನಾವು ಬ್ರಷ್ ನೋಡ್ತೀವಿ, ರೆಂಡರಿಂಗ್ ನೋಡ್ತೀವಿ. ಟೀ ಅಂಗಡಿಯವರಿಗೆ, ಪಿಜಿ ಆಂಟಿಗೆ, ತಮ್ಮನಿಗೆ ತೋರಿಸಿ. ಅವರು ಚಿತ್ರ ನೋಡ್ತಾರೆ. ಘಟನೆಯನ್ನ ಕಂಡವರು ಸಿಕ್ಕಿದ್ರಂತೂ ಬಿಡಲೇಬೇಡಿ.

ಅವಳು ಹನ್ನೆರಡೂ ಚೌಕವನ್ನ ಅಮ್ಮನಿಗೆ ತೋರಿಸಿದಳು. ಗುಂಪಿನೊಳಗಿನ ಚೌಕ ಬಂದಾಗ ಅಮ್ಮ ಸುಮಾರು ಹೊತ್ತು ನೋಡಿ, ‘ನಾವು ನಿಂತಿರ್ಲಿಲ್ಲ ಕಣೇ, ಕೂತಿದ್ವಿ. ಬೆಳಿಗ್ಗೆಯಿಂದ ಕಾಲು ನೋವು. ರೋಡಲ್ಲೇ ಕೂತ್ಬಿಟ್ವಿ’ ಅಂದರಂತೆ. ‘ಬಸ್ಸಿಗೆ ಬೆಂಕಿಗಿಂಕಿ ನಾನು ನೋಡಿಲ್ಲ. ನಮ್ಮ ಮುಂದೆ ರೋಡು ಖಾಲಿ ಇತ್ತು. ಅಷ್ಟು ಖಾಲಿ ಹೊಸೂರು ರೋಡು ನಾನು ಯಾವತ್ತೂ ನೋಡಿರ್ಲಿಲ್ಲ.’

ಈ ಎರಡು ಮಾತಿಗೆ ಇಡೀ ಕಂಪೋಸಿಷನ್ ತಿರುಗಿಬಿಡ್ತು. ಜನ ಕೂತಿದ್ದಾರೆ ಅಂದ್ರೆ ನೋಡೋರ ಕಣ್ಣಿನ ಮಟ್ಟವೂ ಕೆಳಗೆ ಬರಬೇಕು, ಕೂತವರ ಭುಜದ ಎತ್ತರಕ್ಕೆ. ಕಣ್ಣಿನ ಮಟ್ಟ ಇಳಿದಾಗ ಹತ್ತಿರ ಇರೋ ಹೆಂಗಸರ ಬೆನ್ನು ದೊಡ್ಡದಾಯ್ತು, ದೂರದ ಲಾರಿ ಬಸ್ಸುಗಳು ಬೆಂಕಿಪೊಟ್ಟಣದಷ್ಟಾದವು. ಮಧ್ಯದಲ್ಲಿ ಬೆಳ್ಳಗೆ ಖಾಲಿ ರಸ್ತೆ. ಆ ಖಾಲಿ ಜಾಗದ ಎದುರು ತಲೆಗಳ ಕಪ್ಪು ಅಂಚು: ಅತಿ ಜೋರಾದ ಕಾಂಟ್ರಾಸ್ಟ್ ಈಗ ಅಲ್ಲಿ. ಫ್ಲೈಓವರ್ ಎಲ್ಲೂ ಹೋಗಿಲ್ಲ. ಮೇಲಂಚಿನಲ್ಲಿ ಅರ್ಧ ಕತ್ತರಿಸಿದ ಕಪ್ಪು ಪಟ್ಟಿಯಾಗಿ ಕೂತಿದೆ, ಸೂರಿನ ಹಾಗೆ. ಒಬ್ಬಾಕೆ ಮಾತ್ರ ಹಿಂದೆ ತಿರುಗಿ ನಮ್ಮ ಕಡೆ ನೋಡ್ತಿದ್ದಾಳೆ. ಬೆನ್ನುಗಳ ನಡುವೆ ಒಂದೇ ಮುಖ. ಕಣ್ಣು ಬೇರೆ ಎಲ್ಲಿಗೂ ಹೋಗೋಕಾಗಲ್ಲ.

ಮುಖ್ಯವಾದದ್ದೆಲ್ಲ ಮಧ್ಯದ ಸಮಚೌಕದೊಳಗೇ ಇರೋ ಹಾಗೆ ಅವಳು ನೋಡ್ಕೊಂಡಳು. ಇದೂ ಒಂದು ಫೋನಿನ ಕಾಲದ ಲೆಕ್ಕ. ನೀವು ಅಗಲವಾಗಿ ಬರೆದ ಚಿತ್ರವನ್ನ ಒಂದು ಆ್ಯಪ್ ಚೌಕವಾಗಿ ಕತ್ತರಿಸುತ್ತೆ, ಇನ್ನೊಂದು ಉದ್ದುದ್ದ ಕತ್ತರಿಸುತ್ತೆ. ಎರಡೂ ಬದಿಯಲ್ಲಿ ಕತ್ತರಿಸಿದರೂ ನಷ್ಟ ಆಗದಂಥದ್ದನ್ನೇ ಇಡಿ.

ಹೊಸ ಚಿತ್ರ ಮುಗಿಸೋಕೆ ಅವಳಿಗೆ ಹಿಡಿದಿದ್ದು ಐದು ರಾತ್ರಿ. ಅಮ್ಮ ಏನೂ ಹೇಳಲಿಲ್ಲ. ಅದನ್ನ ವಾಟ್ಸಾಪ್ ಡಿಪಿ ಮಾಡ್ಕೊಂಡರು. ಡಿಪಿ ಅಂದ್ರೆ ಉಗುರಿಗಿಂತ ಚಿಕ್ಕ ಒಂದು ವೃತ್ತ. ಅದರಲ್ಲೂ ಕೂತಿರೋ ಹೆಂಗಸರು ಕಾಣ್ತಾರೆ.

ಇದೇನು ಹೊಸದಲ್ಲ

ಸಣ್ಣದಾಗಿ ಯೋಚಿಸಿ ದೊಡ್ಡದಾಗಿ ಬರೆಯೋದು ನಮ್ಮ ನೆಲದಲ್ಲಿ ಹಳೇ ಪದ್ಧತಿ. ಮೈಸೂರು ಶೈಲಿಯ ಚಿತ್ರಗಳನ್ನ ನೋಡಿದ್ದೀರಲ್ಲ, ಚಿನ್ನದ ರೇಕು ಅಂಟಿಸಿರ್ತಾರೆ. ಆ ಕಲಾವಿದರು ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ಮೊದಲು ಚಿತ್ರದ ಗೆರೆ ಹಾಕ್ಕೊಳ್ತಿದ್ದರು. ದೇವರು ಎಲ್ಲಿ, ಪ್ರಭಾವಳಿ ಎಲ್ಲಿ, ಕಂಬ ಎಲ್ಲಿ ಅಂತ ಇದ್ದಿಲಿನಲ್ಲೇ ನಿರ್ಧಾರ. ಇದ್ದಿಲು ಒರೆಸಿದ್ರೆ ಹೋಗುತ್ತೆ, ಚಿನ್ನ ಹೋಗುತ್ತಾ? ನಮ್ಮ ಆ್ಯಪಿನಲ್ಲಿ ಅನ್‌ಡೂ ಬಟನ್ ಇರೋದರಿಂದ ಯಾವುದೂ ಚಿನ್ನ ಅಲ್ಲ ಅನ್ನಿಸುತ್ತೆ. ಆದ್ರೆ ರಾತ್ರಿ ಊಟ ಆದ್ಮೇಲೆ ಸಿಗೋ ಎರಡು ಗಂಟೆ ಇದೆಯಲ್ಲ, ನಮಗೆ ಅದೇ ಚಿನ್ನ. ಅದಕ್ಕೆ ಅನ್‌ಡೂ ಇಲ್ಲ.

ಸತ್ಯಜಿತ್ ರೇ ಸಿನಿಮಾಕ್ಕೆ ಬರೋ ಮುಂಚೆ ಕೋಲ್ಕತ್ತಾದ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೀತಿದ್ದವರು. 1955ರಲ್ಲಿ ಬಂದ ‘ಪಥೇರ್ ಪಾಂಚಾಲಿ’ಗೆ ಅವರು ಮಾಮೂಲಿ ಸ್ಕ್ರಿಪ್ಟ್ ಬರೆಯೋ ಬದಲು ಒಂದು ನೋಟ್‌ಬುಕ್ ತುಂಬ ಶಾಯಿಯಲ್ಲಿ ಪುಟ್ಟ ಪುಟ್ಟ ಚೌಕದ ಚಿತ್ರ ಬರೆದರು. ಕ್ಯಾಮೆರಾ ಎಲ್ಲಿ, ಮಕ್ಕಳು ಎಲ್ಲಿ ಅನ್ನೋದು ಆ ಚೌಕಗಳಲ್ಲಿತ್ತು. ಫಿಲ್ಮ್ ರೀಲಿಗೆ ದುಡ್ಡಿಲ್ಲದ ಕಾಲ. ಕಾಗದದ ಮೇಲೆ ನೋಡಿದ್ದಕ್ಕೆ ರೀಲು ಸುಡಲ್ಲ.

ನೋಡೋರನ್ನ ಎಲ್ಲಿ ನಿಲ್ಲಿಸೋದು ಅನ್ನೋದಕ್ಕೆ ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಇದ್ದಾರೆ. 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ಅವರ ದಿನದ ವ್ಯಂಗ್ಯಚಿತ್ರ ಬರೋಕೆ ಶುರುವಾಯ್ತು. ಮಂತ್ರಿಗಳು ಮಾತಾಡ್ತಿರ್ತಾರೆ, ಅಧಿಕಾರಿಗಳು ಓಡಾಡ್ತಿರ್ತಾರೆ, ಚೆಕ್ಸ್ ಕೋಟಿನ ಶ್ರೀಸಾಮಾನ್ಯ ಮಾತಿಲ್ಲದೆ ಪಕ್ಕದಲ್ಲಿ ನಿಂತಿರ್ತಾನೆ. ನಾವು ಓದುಗರು ನಿಲ್ಲೋದೂ ಅವನ ಜೊತೆಗೇ. ಮಂತ್ರಿಯ ಪಕ್ಕದಲ್ಲಿ ನಿಂತು ನೋಡಿದ್ರೆ ಅದೇ ಜೋಕು ಜೋಕಾಗಿ ಉಳೀತಿತ್ತಾ? ಇದೇ ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾ ಶಾಲೆ ಸೀಟು ಕೊಟ್ಟಿರಲಿಲ್ಲ. ಡಿಗ್ರಿ ಇಲ್ಲ, ಕೋರ್ಸ್ ಮಾಡಿಲ್ಲ ಅಂತ ಹಿಂಜರಿಯೋರು ಇದನ್ನ ನೆನಪಿಟ್ಕೊಳ್ಳಿ.

ಎಐ ಇರೋವಾಗ ಇದೆಲ್ಲ ಯಾಕೆ?

ಈ ಪ್ರಶ್ನೆ ಪ್ರತಿ ಭಾನುವಾರ ಬರುತ್ತೆ. ಒಂದು ಸಾಲು ಟೈಪ್ ಮಾಡಿದ್ರೆ ಎಐ ಚಿತ್ರ ಕೊಡುತ್ತೆ, ನಾವ್ಯಾಕೆ ಗೀಚಬೇಕು ಅಂತ. ನಮ್ಮ ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಬರ್ತ್‌ಡೇ ಬ್ಯಾನರಿಗೆ ಜನ ಎಐ ಚಿತ್ರ ತಂದು ಕೊಡ್ತಾರೆ, ಇವನು ಬರೀ ಹೆಸರು ಸೇರಿಸ್ಬೇಕು. ಅವನಿಗೆ ‘ಏನೂ ಆಗಲ್ಲ ಬಿಡು’ ಅಂತ ಸುಮ್ಮನೆ ಸಮಾಧಾನ ಹೇಳೋಕೆ ನನಗೆ ಬಾಯಿ ಬರಲ್ಲ.

ಆದ್ರೆ ಒಂದು ಗಮನಿಸಿ. ನುಣುಪು, ಹೊಳಪು, ಬೆಳಕು, ಇವು ಈಗ ಅಗ್ಗ ಆಗಿವೆ. ‘ಬೆಂಗಳೂರು, ಗಾರ್ಮೆಂಟ್ಸ್ ಕಾರ್ಮಿಕರ ಪ್ರತಿಭಟನೆ’ ಅಂತ ಕೇಳಿದ್ರೆ ಎಐ ಗುಂಪು, ಎತ್ತಿದ ಕೈ, ಹೊಗೆ ಎಲ್ಲ ಕೊಡಬಹುದು. ಅವರು ಕೂತಿದ್ದರು ಅಂತ ಅದಕ್ಕೆ ಹೇಳೋರು ಯಾರು? ರಸ್ತೆ ಖಾಲಿ ಇತ್ತು ಅಂತ ಹೇಳೋರು ಯಾರು? ಅದನ್ನ ಕೇಳಿ ತಿಳ್ಕೊಂಡು, ಚೌಕದಲ್ಲಿಟ್ಟು ನೋಡಿ, ‘ಇದೇ’ ಅಂತ ಆರಿಸೋ ಕೆಲಸ ಇನ್ನೂ ನಮ್ಮ ಕೈಯಲ್ಲಿದೆ. ಮುಂದೆ ಯಾವ ಸಾಧನ ಬಂದ್ರೂ ಅದಕ್ಕೆ ಏನು ಮಾಡು ಅಂತ ಹೇಳೋಕೆ ಈ ಅಭ್ಯಾಸ ಬೇಕೇ ಬೇಕು.

ಈ ವಾರದ ಕೆಲಸ

ಕೊನೆಗೆ ನಿಮಗೊಂದು ಹೋಮ್‌ವರ್ಕ್. ದಿನಾ ಓಡಾಡೋ ಒಂದು ಜಾಗ ಆರಿಸ್ಕೊಳ್ಳಿ. ಪೀಣ್ಯದ ಫ್ಯಾಕ್ಟರಿ ಗೇಟ್ ಆಗಲಿ, ವೈಟ್‌ಫೀಲ್ಡಿನ ಬಸ್ ಸ್ಟಾಪ್ ಆಗಲಿ, ನಿಮ್ಮೂರಿನ ಸಂತೆ ಆಗಲಿ. ಮೊದಲು ಒಂದು ಸಾಲು ಬರೀರಿ: ‘ಈ ಚಿತ್ರದಲ್ಲಿ ಮೊದಲು ಕಾಣಬೇಕಾದವರು ಇವರು.’ ಆಮೇಲೆ ಹನ್ನೆರಡು ಚೌಕ, ತಲಾ ಎರಡು ನಿಮಿಷ. ಟ್ಯಾಬ್ ಬೇಕಿಲ್ಲ. ಫೋನಾದ್ರೂ ಸರಿ, ಬಸ್ ಟಿಕೆಟ್ಟಿನ 뒷ಬದಿ ಖಾಲಿ ಇದ್ರೆ ಬಾಲ್‌ಪೆನ್ನಾದ್ರೂ ಸರಿ.

ಮುಗಿದ ಮೇಲೆ ಅದನ್ನ ಗ್ಯಾಲರಿಯಲ್ಲಿ ಬೇರೆ ಫೋಟೋಗಳ ನಡುವೆ ಚಿಕ್ಕದಾಗಿ ನೋಡಿ. ಕಣ್ಣು ಕಿರಿದು ಮಾಡಿ ನೋಡಿ. ಎಡಬಲ ತಿರುಗಿಸಿ ನೋಡಿ, ಫ್ಲಿಪ್ ಅನ್ನೋ ಬಟನ್ ಹೆಚ್ಚಿನ ಆ್ಯಪ್‌ಗಳಲ್ಲಿ ಇರುತ್ತೆ. ಬಣ್ಣದ ಚಿತ್ರ ಆಗಿದ್ರೆ ಮೇಲೊಂದು ಲೇಯರ್ ಪೂರ್ತಿ ಕಪ್ಪು ಬಳಿದು, ಬ್ಲೆಂಡ್ ಮೋಡ್ ‘ಸ್ಯಾಚುರೇಶನ್’ ಮಾಡಿ. ಬಣ್ಣವೆಲ್ಲ ಹೋಗಿ ಬೆಳಕು ಕತ್ತಲೆ ಮಾತ್ರ ಉಳಿಯುತ್ತೆ. ಆಗಲೂ ನೀವು ಬರ್ಕೊಂಡವರೇ ಮೊದಲು ಕಾಣ್ತಾರಾ?

ಆಮೇಲೆ ಮೂರು ಜನಕ್ಕೆ ತೋರಿಸಿ, ಎರಡೇ ಸೆಕೆಂಡು. ಅವರಲ್ಲಿ ಒಬ್ಬರಾದ್ರೂ ಆ ಜಾಗದಲ್ಲೇ ದುಡಿಯೋರಾಗಿರಲಿ. ಏನು ಕಾಣಿಸ್ತು ಅಂತ ಕೇಳಿ, ಸುಮ್ಮನೆ ಕೇಳಿಸ್ಕೊಳ್ಳಿ, ಬರ್ಕೊಳ್ಳಿ. ನೀವು ಬರೆದಿಟ್ಟ ಸಾಲಿಗೂ ಅವರು ಹೇಳಿದ್ದಕ್ಕೂ ಎಷ್ಟು ದೂರ ಇದೆ ನೋಡಿ. ಆ ದೂರವನ್ನ ಕಮ್ಮಿ ಮಾಡೋದೇ ಹದಿಮೂರನೇ ಚೌಕದ ಕೆಲಸ.

ಚಿತ್ರ ಬರೆಯೋ ಗೆಳೆಯರು ಯಾರಾದ್ರೂ ಇದ್ರೆ ಅವರಿಗೂ ಕಳಿಸಿ.